ಸಿಯಾಲ್ದಾ ಬ್ರಾಂಚಿನ ನಮ್ಮ ಮೇಡಂ

ನಮ್ಮ ಮ್ಯಾನೇಜರ್ ಮೇಡಂ ಎಷ್ಟು ಎತ್ತರವಿದ್ದರೆಂದರೆ, ಕೌಂಟರಿನ ಗಾಜಿನ ಕಿಂಡಿಯಾಚೆ ನಿಂತವರ ಮುಖ ನೋಡಬೇಕಾದರೆ ಸೊಂಟದಿಂದಲೇ ಬಗ್ಗಬೇಕಾಗುತ್ತಿತ್ತು. ನನ್ನ ಹೆಗಲ ಮೇಲಿಂದ ಹಾಗೆ ಬಗ್ಗಿದಾಗಲೆಲ್ಲ ಅವರ ಕರಿಮಣಿ ಸರ ಮುಂದಕ್ಕೆ ಜಾರಿ, ಅದರ ತುದಿಯ ಎರಡು ಚಿನ್ನದ ಬಟ್ಟಲು ಗಾಜಿಗೆ ತಗುಲಿ ಟಿಣ್ ಎನ್ನುತ್ತಿದ್ದವು. ಸರವನ್ನು ಎಡಗೈಯಲ್ಲಿ ಎದೆಗೆ ಒತ್ತಿ ಹಿಡಿದು, ಆಚೆ ಕೂಗಾಡುತ್ತಿದ್ದವರಿಗೆ "ಏಕ್ಟು ಬೋಶುನ್" ಎನ್ನುತ್ತಿದ್ದರು. ಸ್ವಲ್ಪ ಕೂತುಕೊಳ್ಳಿ ಎಂದರ್ಥ. ಮೂರು ವರ್ಷದಲ್ಲಿ ಅವರು ಕಲಿತ ಬಂಗಾಳಿ ಹೆಚ್ಚುಕಡಿಮೆ ಅಷ್ಟೇ. ಸಿಟ್ಟಾದವರಿಗೂ ಅದೇ, ಅಳುವವರಿಗೂ ಅದೇ, ಪೂಜೆಯ ಸಿಹಿ ತಂದುಕೊಟ್ಟವರಿಗೂ ಅದೇ.

ಕೋಲ್ಕತ್ತಾದ ಸಿಯಾಲ್ದಾ ಸ್ಟೇಷನ್ನಿನ ಹತ್ತಿರ, ಸೂಟ್‌ಕೇಸ್ ಅಂಗಡಿಗೂ ಮಿಠಾಯಿ ಅಂಗಡಿಗೂ ನಡುವೆ ನಮ್ಮ ಬ್ಯಾಂಕಿನ ಬ್ರಾಂಚು. ಬಾಗಿಲು ತಳ್ಳಿ ಒಳಗೆ ಬಂದವರಿಗೆ ಮೊದಲು ಕಾಣುವ ಕೌಂಟರು ನನ್ನದು. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಕೊಡುವುದು, ಆಧಾರ್ ಜೋಡಿಸುವುದು, ವಿಳಾಸ ಬದಲಿಸುವುದು, ಪಿಂಚಣಿದಾರರ ಬೆರಳನ್ನು ಯಂತ್ರಕ್ಕೆ ಒತ್ತಿಸಿ ಅವರಿನ್ನೂ ಬದುಕಿದ್ದಾರೆಂದು ದಾಖಲು ಮಾಡುವುದು, ಇವು ಯಾವುವೂ ಆಗದಿದ್ದಾಗ ಬೈಸಿಕೊಳ್ಳುವುದು. ಕೊನೆಯದು ಕೆಲಸದ ಭಾಗವೆಂದು ಸೇರುವಾಗ ನನಗೆ ಯಾರೂ ಹೇಳಿರಲಿಲ್ಲ. ದಿನದಲ್ಲಿ ಅರ್ಧ ಹೊತ್ತು ಕಂಪ್ಯೂಟರಿಗೆ ಲಿಂಕ್ ಇರುತ್ತಿರಲಿಲ್ಲ. ಲಿಂಕ್ ಇಲ್ಲ ಎಂದರೆ ಏನು, ಅದು ಎಲ್ಲಿಂದ ಬರುತ್ತದೆ, ಯಾಕೆ ಹೋಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಆದರೂ ಲಿಂಕನ್ನು ನಾನೇ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದೇನೆ ಎನ್ನುವ ಹಾಗೆ ಜನ ನನ್ನನ್ನು ನೋಡುತ್ತಿದ್ದರು.

ಅಪ್ಪ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿದ್ದರು. ನಾನು ಏಳನೇ ಕ್ಲಾಸು ಮುಗಿಸಿದ ವರ್ಷ ಮೈಸೂರಿನಿಂದ ವರ್ಗವಾಗಿ ಇಲ್ಲಿಗೆ ಬಂದೆವು, ಆಮೇಲೆ ಬಾರಾನಗರದಲ್ಲೇ ಉಳಿದುಬಿಟ್ಟೆವು. ಹೊರಗೆ ಬಂಗಾಳಿ, ಹಿಂದಿ. ಕನ್ನಡ ಮನೆಯೊಳಗೆ, ಅದೂ ಅಮ್ಮನ ಜೊತೆ ಮಾತ್ರ. ಹಾಗಾಗಿ ನಾನು ಸೇರಿದ ಎರಡನೇ ತಿಂಗಳು ಹೊಸ ಮ್ಯಾನೇಜರ್ ಬಂದು, ನನ್ನ ಕೊರಳಿನ ಕಾರ್ಡಿನ ಮೇಲಿದ್ದ ಹೆಸರು ಓದಿ, "ಕನ್ನಡದಾಕಿ ಏನು ನೀ?" ಎಂದು ಕೇಳಿದಾಗ ಹೌದು ಎನ್ನುವುದನ್ನೂ ಬಂಗಾಳಿಯಲ್ಲೇ ಹೇಳಿಬಿಟ್ಟೆ. ಆಫೀಸಿನಲ್ಲಿ ಆ ಭಾಷೆ ಕೇಳಿದ್ದು ಅದೇ ಮೊದಲು.

ಅವರು ಹುಬ್ಬಳ್ಳಿಯವರು. ನನ್ನ ಹಾಗೇ ವಿಚಾರಣೆಯ ಕೌಂಟರಿನಲ್ಲಿ ಕೆಲಸ ಶುರು ಮಾಡಿ, ಗದಗಿನಲ್ಲಿ, ಹಾವೇರಿಯಲ್ಲಿ ಇದ್ದು, ಪರೀಕ್ಷೆ ಕಟ್ಟಿ ಕಟ್ಟಿ ಮೇಲೆ ಬಂದಿದ್ದರು. ಕೊನೆಯ ಪ್ರಮೋಷನ್ ಬಂದಾಗ ಅದರ ಜೊತೆಗೆ ಕೋಲ್ಕತ್ತಾ ಬಂತು. ಗಂಡ ಪಿಯು ಕಾಲೇಜಿನಲ್ಲಿ ಪಾಠ ಹೇಳುವವರು, ಹಾಸಿಗೆ ಹಿಡಿದ ಅತ್ತೆ ಮನೆಯಲ್ಲಿ, ಒಬ್ಬಳೇ ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿ. ಯಾರೂ ಅವರ ಜೊತೆ ಬರುವ ಹಾಗಿರಲಿಲ್ಲ. ಎರಡು ವರ್ಷವಾದರೆ ವಾಪಸು ಕಳಿಸುತ್ತಾರೆ ಎಂದು ಯಾರೋ ಹೇಳಿದ್ದನ್ನು ನಂಬಿ ಹೊರಟುಬಂದರಂತೆ. ಬ್ರಾಂಚಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ವಿಧವೆಯ ಮನೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದರು. ಊರಿನಿಂದ ಜೋಳದ ಹಿಟ್ಟು ತಂದಿದ್ದರು. ಆದರೆ ರೊಟ್ಟಿ ಬಡಿದರೆ ಕೆಳಗೆ ಸದ್ದಾಗುತ್ತದೆಂದು ಮನೆಯಾಕೆ ತಕರಾರು ತೆಗೆದದ್ದರಿಂದ ಹಿಟ್ಟು ಡಬ್ಬಿಯಲ್ಲೇ ಹುಳ ಹಿಡಿಯಿತು. ಮಧ್ಯಾಹ್ನ ಹೋಟೆಲಿನ ಅನ್ನದ ಮೇಲೆ ಶೇಂಗಾ ಚಟ್ನಿಪುಡಿ ಸುರಿದುಕೊಂಡು, ಎದುರಿಗೆ ಮೊಬೈಲು ನಿಲ್ಲಿಸಿ ಮಗಳಿಗೆ ಫೋನು ಹಚ್ಚುತ್ತಿದ್ದರು. ಮೊದಮೊದಲು ಆ ಹುಡುಗಿ ಶಾಲೆಯ ಸುದ್ದಿಯೆಲ್ಲ ಹೇಳುತ್ತಿದ್ದಳು. ಬರಬರುತ್ತ "ಹೂಂ", "ಇಲ್ಲ", "ಇಡ್ಲಾ ಮಮ್ಮಿ?" ಎಂಬ ಮೂರೇ ಮಾತು ಕ್ಯಾಬಿನ್ನಿನ ಹೊರಗೆ ಕೇಳಿಸುತ್ತಿದ್ದವು.

ಅವರು ಸಾಧುವಿನಂಥ ಮನುಷ್ಯರೇನಲ್ಲ. ತಾಳ್ಮೆ ಕಡಿಮೆ. ಫೈಲು ತಡ ಮಾಡಿದ ಅಟೆಂಡರನ್ನು ಎಲ್ಲರೆದುರು ಬೈದು, ಸಂಜೆ ಅವನಿಗೆ ಚಹಾ ತರಿಸಿಕೊಡುತ್ತಿದ್ದರು, ಕ್ಷಮೆ ಮಾತ್ರ ಕೇಳುತ್ತಿರಲಿಲ್ಲ. ಸೀರೆಯ ಬಗ್ಗೆ ಜಂಬ ಬಹಳ. ಗರಿಯಾಹಾಟಿನ ಅಂಗಡಿಗಳಿಗೆ ನನ್ನನ್ನು ಕರೆದೊಯ್ದು ಬಂಗಾಳದ ಕೈಮಗ್ಗದ ಒಂದೊಂದು ತಾಂತ್ ಸೀರೆಯನ್ನೂ ಬಿಡಿಸಿ ಹಾಕಿಸಿ, ಇಳಕಲ್ಲಿನ ಸೆರಗಿನ ಮುಂದೆ ಇದೇನು ಮಹಾ ಎಂದು ಅಂಗಡಿಯವನಿಗೆ ಕನ್ನಡದಲ್ಲೇ ಹೇಳಿ ಎದ್ದುಬರುತ್ತಿದ್ದರು.

ಅವರು ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ, ಎರಡನೇ ದಿನವೂ ಪಾಸ್‌ಬುಕ್ ಎಂಟ್ರಿ ಆಗಲಿಲ್ಲವೆಂದು ಒಬ್ಬ ತರಕಾರಿ ಮಂಡಿಯ ಯಜಮಾನ ಪುಸ್ತಕವನ್ನು ನನ್ನ ಮುಖಕ್ಕೆ ಎಸೆದ. ಕನ್ನಡಕ ಹಾರಿ ಪ್ರಿಂಟರಿನ ಕೆಳಗೆ ಬಿತ್ತು. ಸಾಲಿನಲ್ಲಿ ನಿಂತಿದ್ದವರಲ್ಲಿ ಒಂದಿಬ್ಬರು ನಕ್ಕರು. ನಾನು ಎದ್ದು ಬ್ಯಾಗು ತೆಗೆದುಕೊಂಡೆ, ಮನೆಗೆ ಹೋಗಿ ಮತ್ತೆ ಬರಬಾರದು ಎಂದುಕೊಂಡು. ಮೇಡಂ ಕ್ಯಾಬಿನ್ನಿನಿಂದ ಬಂದು ಆ ಯಜಮಾನನಿಗೆ ಏನೂ ಅನ್ನಲಿಲ್ಲ. ನನ್ನ ಕುರ್ಚಿಯಲ್ಲಿ ತಾವು ಕೂತರು, ನನಗೆ ಪಕ್ಕದಲ್ಲಿ ಸ್ಟೂಲು ಹಾಕಿಸಿದರು. ಇಡೀ ದಿನ ಆ ಕೌಂಟರು ಅವರೇ ನೋಡಿದರು. ಅವರು ಮ್ಯಾನೇಜರ್ ಎಂದು ಬಂದವರಿಗೆ ಗೊತ್ತಿರಲಿಲ್ಲ. ನನಗೆ ಹೇಗೆ ಬೈಯುತ್ತಿದ್ದರೋ ಹಾಗೇ ಅವರಿಗೂ ಬೈದರು. ಹಿಂದಿ ಬರುವುದಿಲ್ಲವೇ, ಯಾರು ಕೆಲಸ ಕೊಟ್ಟರು, ಕೂತು ಸಂಬಳ ತಿನ್ನುತ್ತೀರಿ. ಮೇಡಂ ಒಬ್ಬೊಬ್ಬರಿಗೂ "ಏಕ್ಟು ಬೋಶುನ್" ಎಂದು ಹೇಳಿ ಕೆಲಸ ಮುಂದುವರಿಸಿದರು. ಶಟರು ಇಳಿಸಿದ ಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ನಿನಗ ಬೈದಿಲ್ಲವಾ ಅವ. ಈ ಕುರ್ಚಿಗೆ ಬೈದಾನ. ನಾಳೆ ನೀ ಇಲ್ಲದಿದ್ರ ಇಲ್ಲೆ ಕುಂತಾಕಿಗೂ ಹಿಂಗ ಬೈತಾನ. ಮನಿಗೆ ಹೋಗಬೇಕಾದ್ರ ಬೈಗುಳಾ ಇಲ್ಲೇ ಕುರ್ಚಿ ಮ್ಯಾಲೆ ಬಿಟ್ಟು ಹೋಗು."

ಮರುದಿನ ನಾನು ಕೆಲಸಕ್ಕೆ ಹೋದೆ. ಅದರ ಮರುದಿನವೂ ಹೋದೆ. ಆ ಮಾತು ಇಟ್ಟುಕೊಂಡೇ ಎರಡು ವರ್ಷ ದೂಡಿದೆ.

ಆದರೆ ಮೇಡಂಗೆ ಬೈಯುವವರು ಗಾಜಿನಾಚೆ ಇರಲಿಲ್ಲ, ಪರದೆಯ ಮೇಲಿದ್ದರು. ವಾರಕ್ಕೆ ಕೆಲವು ದಿನ ಬೆಳಿಗ್ಗೆ ಮೇಲಿನ ಸಾಹೇಬರು ವಿಡಿಯೋದಲ್ಲಿ ಎಲ್ಲ ಮ್ಯಾನೇಜರುಗಳ ವಿಚಾರಣೆ ನಡೆಸುತ್ತಿದ್ದರು. ಯಾವ ಬ್ರಾಂಚು ಎಷ್ಟು ವಿಮೆ ಪಾಲಿಸಿ ಮಾರಿತು ಎಂಬುದೇ ಮುಖ್ಯ ಪ್ರಶ್ನೆ. ನಮ್ಮಲ್ಲಿಗೆ ಬರುವವರು ನಿವೃತ್ತ ರೈಲ್ವೆಯವರು, ಆಸ್ಪತ್ರೆಯ ಆಯಾಗಳು, ಹಾಸ್ಟೆಲಿನ ಹುಡುಗರು, ತಲೆಹೊರೆ ವ್ಯಾಪಾರಿಗಳು. ವಿಮೆ ಮಾರಲು ಯಾರಿದ್ದರು ಅಲ್ಲಿ? ನಮ್ಮ ಬ್ರಾಂಚು ಸದಾ ಪಟ್ಟಿಯ ಬುಡದಲ್ಲಿ.

ಒಂದು ಬೆಳಿಗ್ಗೆ ನಾವೆಲ್ಲ ಕೌಂಟರು ತೆರೆಯುವ ಹೊತ್ತಿಗೆ ಮೇಡಂ ಕ್ಯಾಬಿನ್ನಿನಲ್ಲಿ ಎದ್ದು ನಿಂತರು. ಏನೋ ತೆಗೆದುಕೊಳ್ಳಲು ಎದ್ದಿರಬೇಕು ಎಂದುಕೊಂಡೆ. ಕೂರಲಿಲ್ಲ. ಕ್ಯಾಬಿನ್ನಿನ ಗಾಜಿಗೆ ಅರ್ಧದವರೆಗೆ ಮಸುಕು ಕಾಗದ ಅಂಟಿಸಿತ್ತು. ಬೇರೆ ಯಾರಾದರೂ ಆಗಿದ್ದರೆ ತಲೆ ಮಾತ್ರ ಕಾಣುತ್ತಿತ್ತೇನೋ. ಅವರ ಎತ್ತರಕ್ಕೆ ಎದೆಮಟ್ಟದಿಂದ ಮೇಲೆ ಎಲ್ಲ ಕಾಣುತ್ತಿತ್ತು. ಪಕ್ಕದ ಕೌಂಟರಿನ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು, ಕಡಿಮೆ ಮಾರಿದವರು ಮೀಟಿಂಗು ಮುಗಿಯುವ ತನಕ ನಿಂತೇ ಇರಬೇಕೆಂದು ಸಾಹೇಬರು ಆಜ್ಞೆ ಮಾಡಿದ್ದಾರಂತೆ. ಬಾಗಿಲು ತೆರೆದೆವು, ಜನ ಬಂದರು, ಟೋಕನ್ ತೆಗೆದುಕೊಂಡು ಕೂತರು, ಎಲ್ಲರೂ ಅವರನ್ನು ನೋಡಿದರು. ಅವರ ಕೈಕೆಳಗಿನ ನಾವು ಕೂತಿದ್ದೆವು. ಮೇಡಂ ಕೈ ಕಟ್ಟಿ, ಪರದೆಯ ಮೇಲೆ ಕಣ್ಣಿಟ್ಟು, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗಿಯ ಹಾಗೆ ನಿಂತಿದ್ದರು.

ಆ ವಾರ ಅವರೂ ಮಾರಿದರು. ನನ್ನ ಕೌಂಟರಿಗೆ ಪಾಸ್‌ಬುಕ್ ಹಿಡಿದು ಬಂದ ನಿವೃತ್ತ ಆಯಾ ಒಬ್ಬರನ್ನು ಕ್ಯಾಬಿನ್ನಿಗೆ ಕರೆದು, ಚಹಾ ಕೊಟ್ಟು, ಫಿಕ್ಸೆಡ್ ಡೆಪಾಸಿಟ್ಟಿಗಿಂತ ಒಳ್ಳೆಯದು ಎಂದು ಹೇಳಿ ಸಹಿ ಹಾಕಿಸಿದರು. ಆಯಾ ಕೈಮುಗಿದು ಹೋದರು. ಮೇಡಂ ನಾಲ್ಕಾರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ, ರದ್ದು ಮಾಡಲು ಇದ್ದ ಗಡುವು ಮುಗಿಯುವ ಮುನ್ನ, ನನ್ನ ಕೈಯಲ್ಲೇ ಫೋನು ಮಾಡಿಸಿ ಆಕೆಯನ್ನು ಕರೆಸಿದರು. ಅದು ನಿಮಗೆ ಬೇಡ, ಪ್ರತಿ ವರ್ಷ ಕಟ್ಟಬೇಕಾಗುತ್ತದೆ, ನಿಮ್ಮಿಂದ ಆಗುವುದಿಲ್ಲ ಎಂದು ನನ್ನಿಂದ ಬಂಗಾಳಿಯಲ್ಲಿ ಹೇಳಿಸಿ, ಪಾಲಿಸಿ ಬಿಡಿಸಿದರು. ಆಯಾಗೆ ಖುಷಿಯಾಗಲಿಲ್ಲ. ದೊಡ್ಡವರಿಗೆ ಮಾತ್ರ ಕೊಡುತ್ತೀರಿ ಎಂದು ಗೊಣಗಿಕೊಂಡು ಹೋದರು. ಮುಂದಿನ ಮೀಟಿಂಗಿನಲ್ಲಿ ಮೇಡಂ ಮತ್ತೆ ನಿಂತರು.

ಅಂದು ಮಧ್ಯಾಹ್ನ ಅವರು ಊಟ ಮಾಡಲಿಲ್ಲ. ನಾನು ನನ್ನ ಡಬ್ಬಿ ಹಿಡಿದು ಒಳಗೆ ಹೋದೆ. ಅವರ ಮಾತನ್ನೇ ಅವರಿಗೆ ಹೇಳಲು ನೋಡಿದೆ. ಸಾಹೇಬರು ಬೈದದ್ದು ಕುರ್ಚಿಗೆ, ನಿಮಗಲ್ಲ ಮೇಡಂ ಅಂದೆ. ಅವರು ಡಬ್ಬಿಯನ್ನು ನನ್ನ ಕಡೆಗೇ ಸರಿಸಿದರು.

"ಅವತ್ತು ನಾ ನಿನಗ ಸುಳ್ಳು ಹೇಳೀನವಾ," ಅಂದರು. "ಕುರ್ಚಿಗೆ ಬೈದ್ರ ಕುರ್ಚಿಗೆ ನೋವು ಆಗಂಗಿಲ್ಲ."

ಇಂಥ ದಿನಗಳಲ್ಲಿ ಅವರನ್ನು ನಮ್ಮ ಮನೆಗೆ ಕರೆಯುವ ರೂಢಿ ಆಯಿತು. ಭಾನುವಾರ ಬೆಳಿಗ್ಗೆ ಲೋಕಲ್ ಹಿಡಿದು ಬಾರಾನಗರಕ್ಕೆ ಬರುತ್ತಿದ್ದರು. ಅಪ್ಪನ ಜೊತೆ ರೈಲುಗಳ ಬಗ್ಗೆ, ಅಮ್ಮನ ಜೊತೆ ಅತ್ತೆಯ ಬಗ್ಗೆ ಮಾತಾಡುತ್ತಿದ್ದರು. ಅಮ್ಮ ಮೈಸೂರಿನಾಕೆ, ರೊಟ್ಟಿ ಬಡಿಯಲು ಬಾರದು. ಮೇಡಂ ಅಡಿಗೆಮನೆಯ ನೆಲದ ಮೇಲೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನಸಾರೆ ಬಡಿಯುತ್ತಿದ್ದರು. ನಮ್ಮ ಕೆಳಗೆ ಮನೆ ಇರಲಿಲ್ಲ, ಸೈಕಲ್ಲು ನಿಲ್ಲಿಸುವ ಜಾಗ. ಬಡಿಯುತ್ತ ಬಡಿಯುತ್ತ ಮೇಲಿನ ಸಾಹೇಬರ ಹಿಂದಿಯನ್ನು, ಮನೆಯಾಕೆಯ ನಡಿಗೆಯನ್ನು, ನನ್ನ ಮೈಸೂರು ಕನ್ನಡವನ್ನು ಅಣಕಿಸಿ ತೋರಿಸುತ್ತಿದ್ದರು. ಅಪ್ಪ ನಕ್ಕು ನಕ್ಕು ಕೆಮ್ಮು ಹಿಡಿದು ಎದ್ದುಹೋಗುತ್ತಿದ್ದರು. ಮೇಡಂ ಕೂಡ ಬಾಯಿಗೆ ಹಿಟ್ಟಿನ ಕೈ ಅಡ್ಡ ಹಿಡಿದು ನಗುತ್ತಿದ್ದರು, ಮೂಗಿನ ತುದಿಗೆಲ್ಲ ಹಿಟ್ಟು.

ಮೂರನೆಯ ಚಳಿಗಾಲ. ಅಂಥದೇ ಒಂದು ಭಾನುವಾರ ರೊಟ್ಟಿ ಬಡಿಯುತ್ತಿದ್ದ ಬಲಗೈ ನಡುವೆ ನಿಂತಿತು. ಮತ್ತೆ ಎತ್ತಲು ನೋಡಿದರು, ಆಗಲಿಲ್ಲ. ಎಡಗೈಯಲ್ಲಿ ಬಡಿಯಲು ಶುರು ಮಾಡಿದರು. ರೊಟ್ಟಿ ಹರಿಯಿತು. ಅಮ್ಮ ಒಲೆ ಆರಿಸಿದರು.

"ಏನ್ರೀ ಅದು, ಕೈ ಯಾಕೆ ಎತ್ತಕ್ಕಾಗ್ತಿಲ್ಲ?"

"ಏನಿಲ್ರಿ ಅಕ್ಕಾರ. ಕಂಕುಳಾಗ ಒಂದ್ ಗಂಟು. ಚಳಿಗೆ ಬಿಗಿತೈತಿ."

ಅಮ್ಮ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಗಂಟು ಕಂಕುಳಲ್ಲಿ ಮಾತ್ರವಲ್ಲ, ಎದೆಯಲ್ಲೂ ಇದೆ, ಆರೇಳು ತಿಂಗಳಾಯಿತಂತೆ ಎಂದು ನನಗೆ ಆಮೇಲೆ ಹೇಳಿದರು. ನಾಳೆಯೇ ಡಾಕ್ಟರ ಹತ್ತಿರ ಹೋಗೋಣ ಎಂದು ಅಮ್ಮ ಹಟ ಹಿಡಿದರು. ಮೇಡಂ ಒಪ್ಪಲಿಲ್ಲ. ಮಾರ್ಚಿನ ಕ್ಲೋಸಿಂಗ್, ವರ್ಷದ ಲೆಕ್ಕ, ಮುಗಿಯಲಿ ಎಂದರು. ಆಮೇಲೆ ವರ್ಗದ ಪಟ್ಟಿ ಬರುತ್ತದೆ, ಈ ಸಲ ಖಂಡಿತ ತಮ್ಮ ಹೆಸರಿದೆ, ಹುಬ್ಬಳ್ಳಿಗೆ ಹೋಗಿ ಅಲ್ಲೇ ತೋರಿಸುತ್ತೇನೆ ಎಂದರು. ಹಿಂದಿನ ವರ್ಷ ಅತ್ತೆಯ ಕಾಯಿಲೆ, ಮಗಳ ಪರೀಕ್ಷೆ ಎಂದು ಬರೆದುಕೊಟ್ಟಾಗ, ಮನೆ ನೋಡಿಕೊಳ್ಳುವುದಿದ್ದರೆ ಪ್ರಮೋಷನ್ ಯಾಕೆ ತೆಗೆದುಕೊಂಡಿರಿ ಎಂದು ಸಾಹೇಬರು ಕೇಳಿದ್ದರಂತೆ. ಈಗ ಸ್ವಂತ ಕಾಯಿಲೆ ಬರೆದುಕೊಡಲು ಅವರಿಗೆ ಮನಸ್ಸಿರಲಿಲ್ಲ. ಹೆಂಗಸರಿಗೆ ಬ್ರಾಂಚು ಕೊಡಬಾರದು ಎನ್ನುವವರ ಬಾಯಿಗೆ ತಾನೇಕೆ ಮಾತು ಹಾಕಬೇಕು ಎಂದರು. ಗಂಡನಿಗೂ ಹೇಳಿರಲಿಲ್ಲ. ಹೇಳಬಾರದೆಂದು ನಮ್ಮಿಂದ ಮಾತು ತೆಗೆದುಕೊಂಡರು.

ಅಂದಿನಿಂದ ಭಾನುವಾರ ಬರುವುದನ್ನು ನಿಲ್ಲಿಸಿದರು. ಅಮ್ಮ ಫೋನು ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಎನ್ನುತ್ತಿದ್ದರು. ಬ್ರಾಂಚಿನಲ್ಲಿ ನಾನು ಆ ವಿಷಯ ಎತ್ತಿದರೆ ಮ್ಯಾನೇಜರಿನ ದನಿಯಲ್ಲಿ, ಟೋಕನ್ ಎಷ್ಟು ಬಾಕಿ ಇದೆ ನೋಡು ಹೋಗು ಎಂದು ಕಳಿಸುತ್ತಿದ್ದರು. ಮಾರ್ಚು ಬಂತು, ಹೋಯಿತು. ಕ್ಲೋಸಿಂಗ್ ಆದ ಮೇಲೆ ಆಡಿಟ್ ಬಂತು. ಅವರು ಬಲಗೈಯನ್ನು ಮೇಜಿನ ಮೇಲಿಟ್ಟು ಎಡಗೈಯಲ್ಲಿ ಫೈಲು ತಿರುವುತ್ತಿದ್ದರು. ಕೌಂಟರಿನ ಕಡೆ ಬಂದು ಬಗ್ಗುವುದೂ ನಿಂತಿತು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ತಲೆಯೆತ್ತಿ ನೋಡಿದರೆ ಕಾಯುವ ಕುರ್ಚಿಗಳ ಸಾಲಿನಲ್ಲಿ ಅಮ್ಮ ಕೂತಿದ್ದರು. ಕೈಯಲ್ಲಿ ಟೋಕನ್. ನನ್ನ ಕಡೆ ನೋಡಲೇ ಇಲ್ಲ. ಅವರ ಸರದಿ ಬಂದಾಗ ನನ್ನ ಕೌಂಟರಿಗೆ ಬಾರದೆ, ಎದ್ದು ನೇರ ಕ್ಯಾಬಿನ್ನಿಗೆ ಹೋದರು. ನಾನು ಕೌಂಟರು ಬಿಟ್ಟು ಹಿಂದೆ ಹೋದೆ. ಅಮ್ಮ ಮೇಡಂ ಎದುರಿನ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು:

"ನೀವು ಏಳೋವರೆಗೂ ನಾನಿಲ್ಲೇ ಕೂತಿರ್ತೀನಿ. ಇವತ್ತಾಗದಿದ್ರೆ ನಾಳೆನೂ ಬಂದು ಟೋಕನ್ ತಗೋತೀನಿ."

"ಇನ್ನೊಂದ್ ತಿಂಗಳು ತಡೀರಿ ಅಕ್ಕಾರ. ಲಿಸ್ಟ್ ಬರತೈತಿ."

"ಲಿಸ್ಟ್ ಬರೋದನ್ನ ಅದು ಕಾಯಲ್ಲ."

ಮೇಡಂ ಕಂಪ್ಯೂಟರಿನ ಕಡೆ ತಿರುಗಿಕೊಂಡರು. ಏನೋ ಟೈಪು ಮಾಡುವ ಹಾಗೆ ಮಾಡಿದರು. ಆಮೇಲೆ ಅತ್ತ ನೋಡಿಕೊಂಡೇ ಕೇಳಿದರು: "ಇಲ್ಲೆ ದವಾಖಾನಿಗೆ ಸೇರಿದ್ರ ನನ್ನ ಕಡೆ ಯಾರು ಕುಂದರ್ತಾರ್ರಿ?"

ಇಷ್ಟು ತಿಂಗಳು ಅವರನ್ನು ತಡೆದದ್ದು ಕ್ಲೋಸಿಂಗೂ ಅಲ್ಲ, ಆಡಿಟ್ಟೂ ಅಲ್ಲ, ಇದು ಎಂದು ನನಗೆ ಆಗ ತಿಳಿಯಿತು. ಅಮ್ಮ, ನಾನಿಲ್ವೇನ್ರೀ ಎಂದರು. ಮೇಡಂ ಎದ್ದರು.

ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ತಡವಾಗಿದೆ ಎಂದರು. ಎದೆ ದಾಟಿ ಯಕೃತ್ತಿಗೂ ಹೋಗಿದೆ, ಔಷಧ ಕೊಡಬಹುದು, ಆಪರೇಷನ್ನಿನಿಂದ ಪ್ರಯೋಜನವಿಲ್ಲ. ಆರು ತಿಂಗಳ ಹಿಂದೆ ಬಂದಿದ್ದರೆ ಏನಾಗುತ್ತಿತ್ತು ಎಂದು ನಾವು ಕೇಳಲಿಲ್ಲ. ಟ್ಯಾಕ್ಸಿಯಲ್ಲಿ ಬರುವಾಗ ಮೇಡಂ ಕಿಟಕಿಯ ಕಡೆ ಕೂತಿದ್ದರು. ಫ್ಲೈಓವರ್ ಹತ್ತಿದ ಮೇಲೆ, ಯಾರಿಗೂ ಅಲ್ಲದ ಹಾಗೆ ಅಂದರು: "ಹುಬ್ಬಳ್ಳಿಗೆ ಹೋಗಬೇಕಂತ ಇಷ್ಟು ದಿನ ತಡದೆ. ಈಗ ಹೊಂಟೆ ನೋಡ್ರಿ."

ಅವರ ಗಂಡ ಬಂದು ಕರೆದುಕೊಂಡು ಹೋದರು. ಕೋಲ್ಕತ್ತಾಗೆ ಅವರು ಬಂದದ್ದು ಅದೇ ಮೊದಲು. ಹೆಂಡತಿಯ ಹೆಗಲಿಗೆ ಬರುವಷ್ಟು ಎತ್ತರದ, ಮೆತ್ತಗೆ ಮಾತಾಡುವ ಮನುಷ್ಯ. ಸಾಮಾನು ಕಟ್ಟುವಾಗ ಕೋಣೆಯಲ್ಲಿ ನಿಂತು, ಮಂಚ ಒಂದು, ಬಕೆಟ್ಟು ಒಂದು, ಎಲೆಕ್ಟ್ರಿಕ್ ಕೆಟಲ್ ಒಂದು, ಇಷ್ಟನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ಮೂರು ವರ್ಷ ಇಲ್ಲೇ ಇದ್ದಳೇ ಎಂದು ನನ್ನನ್ನು ಕೇಳಿದರು. ಹೌದು ಸರ್ ಅಂದೆ. ಚಲೋ ಮನೆ ಐತಿ, ಬಾಲ್ಕನಿ ಐತಿ ಅಂತ ಹೇಳಿದ್ಲು ಎಂದು, ಗೋಡೆಯ ಕಡೆ ತಿರುಗಿಕೊಂಡರು.

ಜೂನ್‌ನಲ್ಲಿ ಪಟ್ಟಿ ಬಂತು. ಅದರಲ್ಲಿ ಮೇಡಂ ಹೆಸರಿತ್ತು, ಧಾರವಾಡದ ಒಂದು ಬ್ರಾಂಚಿಗೆ. ಹಾಜರಾಗಿ ಸಹಿ ಹಾಕದಿದ್ದರೆ ವರ್ಗ ಜಾರಿಗೆ ಬರುವುದಿಲ್ಲ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಗಂಡನ ಕೈ ಹಿಡಿದು ಹೋಗಿ ಹಾಜರಾದರಂತೆ. ಔಷಧದ ನಡುವಿನ ಕೆಲವು ದಿನ ಹೋಗಿ ಕೂತು ಬಂದರಂತೆ. ಅಲ್ಲಿಂದ ಒಮ್ಮೆ ನನಗೆ ವಿಡಿಯೋ ಕಾಲ್ ಮಾಡಿದರು. ಮುಖ ಸಣ್ಣದಾಗಿತ್ತು, ದನಿ ಮಾತ್ರ ಹಾಗೇ ಇತ್ತು. ಹೇಗಿದೆ ಮೇಡಂ, ಕನ್ನಡದ ಬ್ರಾಂಚು ಎಂದು ಕೇಳಿದೆ.

"ಅಲ್ಲೆ ಚಲೋ ಇತ್ತು ನೋಡವಾ," ಅಂದರು. "ಬಂಗಾಳಿದಾಗ ಬೈದ್ರ ಅರ್ಧ ತಿಳೀತಿರಲಿಲ್ಲ. ಇಲ್ಲೆ ಎಲ್ಲಾ ತಿಳೀತೈತಿ."

ನಾನು ನಕ್ಕೆ. ಅವರು ನಗಲಿಲ್ಲ. ಕಾಲ್ ಕಟ್ಟಾಯಿತು, ಅವರೇ ಇಟ್ಟರೋ ನೆಟ್‌ವರ್ಕ್ ಹೋಯಿತೋ ತಿಳಿಯಲಿಲ್ಲ. ಅದೇ ಅವರ ಜೊತೆ ನನ್ನ ಕೊನೆಯ ಮಾತು.

ನವೆಂಬರಿನಲ್ಲಿ, ಕಾಳಿಪೂಜೆ ಕಳೆದ ಮರುವಾರ, ಪಿಂಚಣಿದಾರರ ನೂಕುನುಗ್ಗಲಿನ ನಡುವೆ ಸುದ್ದಿ ಬಂತು. ನನ್ನ ಎದುರಿಗೆ ಒಬ್ಬ ಮುದುಕರಿದ್ದರು, ಯಂತ್ರ ಅವರ ಬೆರಳನ್ನು ಒಪ್ಪುತ್ತಿರಲಿಲ್ಲ. ಒರೆಸಿ ಮತ್ತೆ ಇಡಿ ಕಾಕಾ, ಇನ್ನೊಂದು ಬೆರಳು ಇಡಿ ಎಂದು ಹೇಳುತ್ತಿದ್ದೆ. ಮೇಜಿನ ಮೇಲಿದ್ದ ಮೊಬೈಲಿನಲ್ಲಿ ಮೇಡಂ ಗಂಡನ ಮೆಸೇಜು ಬೆಳಗಿತು. ಓದಿದೆ. ಮುದುಕರು ಇನ್ನೊಂದು ಬೆರಳು ಚಾಚಿ ಕಾಯುತ್ತಿದ್ದರು. ನಾನು ಆ ಬೆರಳು ಹಿಡಿದು ಯಂತ್ರದ ಮೇಲೆ ಒತ್ತಿದೆ. ಅವರ ಹಿಂದಿನವರಿಗೂ ಹಾಗೇ ಮಾಡಿದೆ. ಅವರ ಹಿಂದಿನವರಿಗೂ. ಮಧ್ಯಾಹ್ನದ ಹೊತ್ತಿಗೆ ಹೊಸ ಮ್ಯಾನೇಜರಿಗೆ ವಿಷಯ ತಿಳಿದು, ಎಲ್ಲರೂ ಎದ್ದು ಸ್ವಲ್ಪ ಹೊತ್ತು ಮೌನವಾಗಿ ನಿಲ್ಲೋಣ ಎಂದರು. ನಿಂತೆವು. ಕಾಯುತ್ತಿದ್ದ ಜನಕ್ಕೆ ಏನೆಂದು ಗೊತ್ತಾಗಲಿಲ್ಲ, ಕೆಲವರು ತಾವೂ ಎದ್ದರು. ಲಿಂಕ್ ಹೋಯಿತಾ ಎಂದು ಹಿಂದಿನಿಂದ ಯಾರೋ ಕೇಳಿದರು. ಕಾವಲುಗಾರ ಅವನಿಗೆ, ಹಳೆಯ ಮ್ಯಾನೇಜರ್, ಆ ಎತ್ತರದವರು, ತೀರಿಕೊಂಡರು ಎಂದು ಹೇಳಿದ. ಓ ಎಂದ ಅವನು, ತನ್ನ ಟೋಕನ್ ಸಂಖ್ಯೆ ನೋಡಿಕೊಂಡು ಕೂತ.

ನಾನು ಈಗಲೂ ಅದೇ ಕೌಂಟರಿನಲ್ಲಿದ್ದೇನೆ. ಪ್ರತಿ ವರ್ಷ ಪ್ರಮೋಷನ್ ಪರೀಕ್ಷೆಯ ಸುತ್ತೋಲೆ ಬರುತ್ತದೆ, ತೆರೆದು ಓದಿ ಮುಚ್ಚುತ್ತೇನೆ. ಯಾಕೆ ಎಂದು ಅಮ್ಮ ಕೇಳುವುದಿಲ್ಲ. ನನ್ನ ಜೊತೆಗೆ ಸೇರಿದವರು ಒಬ್ಬೊಬ್ಬರಾಗಿ ಮೇಲೆ ಹೋದರು, ದೂರ ಹೋದರು, ಇಬ್ಬರು ಕೆಲಸವನ್ನೇ ಬಿಟ್ಟರು. ಬಿಡದೆ ಇರುವುದಕ್ಕೆ ನನ್ನ ಹತ್ತಿರ ಕಾರಣವೇನೂ ಇಲ್ಲ. ಆ ಮೊದಲ ಸಲ ಬ್ಯಾಗು ಎತ್ತಿಕೊಂಡಾಗ ಅವರು ನನ್ನನ್ನು ಕೂರಿಸಿದರು, ಕೂತಿದ್ದೇನೆ. ಅದು ಉಪಕಾರವೋ ಅಲ್ಲವೋ ಕೆಲವು ಸಂಜೆ ನನಗೆ ತಿಳಿಯುವುದಿಲ್ಲ.

ತೀರಿಕೊಂಡ ಕೆಲವು ತಿಂಗಳ ನಂತರ ಒಂದು ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಮೇಡಂ ಮಗಳು. ಈಗ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಪಪ್ಪಾನ ಫೋನಿನಿಂದ ನಿಮ್ಮ ನಂಬರ್ ತಗೊಂಡೆ ಅಕ್ಕಾ, ಡಿಸ್ಟರ್ಬ್ ಆಯಿತೇನ್ರಿ ಎಂದಳು. ಇಲ್ಲಮ್ಮ, ಹೇಳು ಅಂದೆ. ಕಾಲೇಜಿನದು ಏನೋ ಹೇಳಿದಳು. ಆಮೇಲೆ ಕೇಳಿದಳು:

"ನಮ್ಮ ಮಮ್ಮಿ ಅಲ್ಲೆ ನಗತಿದ್ರೇನ್ರಿ?"

ನಗುತ್ತಿದ್ದರು ಅಂದೆ. ಯಾವುದಕ್ಕೆ ಎಂದು ಕೇಳಿದಳು. ನಮ್ಮ ಮನೆಯ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತ ಸಾಹೇಬರನ್ನು ಅಣಕಿಸುತ್ತಿದ್ದುದನ್ನು ಹೇಳಿದೆ. ಮೂಗಿನ ಮೇಲೆ ಹಿಟ್ಟು ಮೆತ್ತಿಕೊಳ್ಳುತ್ತಿದ್ದುದನ್ನು ಹೇಳಿದೆ. ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ಮಮ್ಮಿ ರಜೆಯ ಮೇಲೆ ಮನೆಗೆ ಬಂದರೆ ಮಲಗೇ ಇರುತ್ತಿದ್ದರು, ಅಕ್ಕಾ, ನಾ ಮಾತಾಡ್ಸತಿರಲಿಲ್ಲ, ಪ್ರಮೋಷನ್‌ಗೋಸ್ಕರ ನನ್ನ ಬಿಟ್ಟು ಹೋದ್ರು ಅಂತ ಸಿಟ್ಟಿತ್ತು ಎಂದಳು. ಇನ್ನೊಂದು ಹೇಳ್ರಿ ಎಂದಳು. ಗರಿಯಾಹಾಟಿನ ಸೀರೆ ಅಂಗಡಿಯ ಕತೆ ಹೇಳಿದೆ.

ಆ ಮೂರು ವರ್ಷ ಆ ಹುಡುಗಿಗೆ ಸೇರಬೇಕಾಗಿತ್ತು. ನನಗೆ ಸಿಕ್ಕಿತು. ತಾಯಿಯ ಹಾಗೆ ಪಕ್ಕದಲ್ಲಿ ಕೂತು ನನ್ನ ಕೆಲಸ ಮಾಡಿಕೊಟ್ಟವರು, ಭಾನುವಾರ ಬಂದು ನಮ್ಮ ಮನೆ ತುಂಬಿದವರು, ಅವಳ ತಾಯಿ. ಅದನ್ನು ಹಿಂದಿರುಗಿಸುವ ದಾರಿ ನನಗೆ ಗೊತ್ತಿಲ್ಲ. ಅವಳು ಈಗಲೂ ಆಗಾಗ ಫೋನು ಮಾಡುತ್ತಾಳೆ, ಇನ್ನೊಂದು ಹೇಳ್ರಿ ಅನ್ನುತ್ತಾಳೆ. ಅವರು ನಿಂತಿದ್ದ ಬೆಳಿಗ್ಗೆಗಳನ್ನು ಬಿಟ್ಟು, ಗಂಟನ್ನು ಬಿಟ್ಟು, ನನ್ನ ಹತ್ತಿರ ಇದ್ದುದನ್ನೆಲ್ಲ ಹೇಳಿ ಆಗಿದೆ. ನಗುವಂಥವು ಅಷ್ಟು ಹೆಚ್ಚೇನೂ ಇರಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ಅದು ಕೇಳಿದ ಕತೆ ಎಂದು ಅವಳು ಒಂದು ದಿನವೂ ಹೇಳಿಲ್ಲ.